ಇಬ್ಬನಿ ಬಿಂದು

ಆಗಸ್ಟಿನ ನಡುರಾತ್ರಿ. ತ್ರಿಯೆಸ್ತೆಯ ಗುಡ್ಡದ ಮೇಲಿನ ಆಸ್ಪತ್ರೆ,
ನಾಲ್ಕನೆಯ ಮಹಡಿ, ಶ್ವಾಸಕೋಶದ ವಾರ್ಡು.
ನನ್ನ ಕೈಯಲ್ಲಿ ತೇವಮಾಪಕ, ಹೊಗೆಕಡ್ಡಿ,
ಹದಿನಾರು ಕಲಮುಗಳ ಒಂದು ನಮೂನೆ.
ಎಡಸಾಲಿನ ಕೋಣೆಗಳಿಗೆ ಹಳೆಯ ಯಂತ್ರ, ಫ್ಯಾನಿನದು.
ಬಲಸಾಲಿಗೆ ಹೊಸತು: ಛಾವಣಿಯಲ್ಲಿ ತಾಮ್ರದ ಕೊಳವೆ,
ಕೊಳವೆಗೆ ತೊಡಿಸಿದ ಅಲ್ಯುಮಿನಿಯಮ್ ಗರಿ,
ಒಳಗೆ ಹದಿನೈದು ಡಿಗ್ರಿಯ ನೀರು. ಅಷ್ಟೆ.
ಬೀಸುವವರಿಲ್ಲ.
ತಣ್ಣಗಾದ ಗಾಳಿಗೆ ತನ್ನದೇ ತೂಕ;
ನಿದ್ದೆ ಬಂದ ಮಗುವಿನ ತಲೆ ಹೆಗಲಿಗೆ ವಾಲುವ ಹಾಗೆ
ತಾನಾಗಿ ಇಳಿಯುತ್ತದೆ.

ಹೊಗೆಕಡ್ಡಿ ಮುರಿದೆ. ಬಿಳಿ ಎಳೆಯೊಂದು
ಮಂಚದ ಕಾಲ ಬಳಿ ನಿಂತು, ಏನೋ ಯೋಚಿಸಿ,
ಬಾಗಿಲ ಕಡೆ ಹೊರಳಿತು.
ಬರೆದೆ: ವೇಗ, ಸೆಕೆಂಡಿಗೆ ಹನ್ನೆರಡು ಸೆಂಟಿಮೀಟರು.
ಬರೆದೆ: ನೀರು ನಿಲ್ಲುವ ತಟ್ಟೆಯಿಲ್ಲ, ಲೋಳೆಯಿಲ್ಲ.
ಗರಿಗಳ ಮೇಲೆ ಧೂಳು; ವರ್ಷಕ್ಕೊಮ್ಮೆ ಏಣಿ ಬೇಕು.
ಉಸಿರಾಡುವ ಗಾಳಿ ಬೇರೆ ದಾರಿಯಲ್ಲೇ ಬರಬೇಕು;
ಅದಕ್ಕೆಂದು ನೆಲಮಾಳಿಗೆಯಲ್ಲಿ ಒಂದು ಫ್ಯಾನು ತಿರುಗುತ್ತಲೇ ಇದೆ.
ಕಂಪನಿಯ ಕರಪತ್ರದಲ್ಲಿ ಆ ಸಾಲು ಇರುವೆಯ ಗಾತ್ರ.

ಸದ್ದು: ಎಡಕ್ಕೆ ನಲವತ್ತೊಂದು ಡೆಸಿಬೆಲ್, ಬಲಕ್ಕೆ ಇಪ್ಪತ್ತಾರು.
ಇದನ್ನು ಮಾತ್ರ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.
ರಾತ್ರಿಪಾಳಿಯ ಫುಲ್ವಿಯಾ ತುಟಿ ಓರೆ ಮಾಡಿದಳು:
"ಫ್ಯಾನಿದ್ದಾಗ ನನ್ನ ಹೆಜ್ಜೆ ಯಾರಿಗೂ ಕೇಳುತ್ತಿರಲಿಲ್ಲ.
ಈಗ ಸೀಸೆಯ ಮುಚ್ಚಳ ತಿರುವಿದರೂ ಆರು ಜನ ಕಣ್ಣು ಬಿಡುತ್ತಾರೆ.
ಏಳನೆಯ ಕೋಣೆಯಾಕೆ ದಿಂಬಿಗೆ ಬಾಯಿ ಒತ್ತಿ ಅಳುವುದು
ಒಂಬತ್ತಕ್ಕೆ ಗೊತ್ತಾಗಿಬಿಟ್ಟಿದೆ.
ನಿನ್ನೆ ಆತ ಗೋಡೆಗೆ ಬೆರಳಿಂದ ಎರಡು ಸಲ ತಟ್ಟಿದ.
ಸ್ವಲ್ಪ ಹೊತ್ತು ಬಿಟ್ಟು ಅತ್ತಲಿಂದ ಎರಡು.
ಇದನ್ನು ಯಾವ ಕಲಮಿಗೆ ಹಾಕುತ್ತೀ, ನೆರೀನಾ?"

ಉತ್ತರ ಕೊಡದೆ ಒಂಬತ್ತಕ್ಕೆ ಹೋದೆ.
ಸಿನ್ಯೋರ್ ಕ್ರೆವಾತಿನ್, ಹಡಗಿನ ಬಾಯ್ಲರುಗಳ ಮುಂದೆ
ಮೂವತ್ತೊಂದು ವರ್ಷ ನಿಂತವರು.
ಕಿಟಕಿ ಹಾರುಹೊಡೆದಿತ್ತು. ದಕ್ಷಿಣದ ಶಿರೋಕ್ಕೊ
ಕಡಲನ್ನೇ ಹಿಂಡದ ಬಟ್ಟೆಯ ಹಾಗೆ ಹೊತ್ತು ಒಳಬರುತ್ತಿತ್ತು.
ಕಿಟಕಿ ತೆರೆದರೆ ನೀರಿನ ಕವಾಟ ಮುಚ್ಚಬೇಕು, ಅದು ನಿಯಮ.
ಅವರೋ ಚೌಕಟ್ಟಿಗೆ ಫ್ರಿಜ್ಜಿನ ಅಯಸ್ಕಾಂತ ಅಂಟಿಸಿದ್ದರು,
ನಿಂಬೆಹಣ್ಣಿನ ಆಕಾರದ್ದು, ಸೊಸೆ ತಂದದ್ದಂತೆ.
ಯಂತ್ರಕ್ಕೆ ಕಿಟಕಿ ಮುಚ್ಚಿದೆ; ಕಡಲಿಗೆ ತೆರೆದಿದೆ.

ಇಬ್ಬನಿ ಬಿಂದು ಇಪ್ಪತ್ತೆರಡು. ಕೊಳವೆ ಹದಿನೈದು.
ಇನ್ನು ಲೆಕ್ಕ ಬೇಕಿರಲಿಲ್ಲ.
ಗರಿಯಂಚಿನಲ್ಲಿ ಹನಿಯೊಂದು ಮೂಡಿ, ತಡೆದು, ದಪ್ಪಗಾಗಿ
ಅವರ ಹಣೆಗೇ ಬಿತ್ತು.
ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.
"ಹಡಗೂ ಹೀಗೇ ಬೆವರುತ್ತದೆ, ತಾಯಿ. ಒರೆಸಿದರಾಯಿತು."
"ಇದು ಆಸ್ಪತ್ರೆ. ಪಕ್ಕದ ಮಂಚದಲ್ಲಿ ಗಾಯವಿದ್ದರೆ?"
ಆಗ ಅವರು ಸುಮ್ಮನಾದರು. ಆಮೇಲೆ, ಛಾವಣಿ ನೋಡುತ್ತ:
"ಫ್ಯಾನು ಹೋದ ಮೇಲೆ ನನ್ನ ಉಸಿರು ನನಗೇ ಕೇಳುತ್ತದೆ.
ಕೇಳಿದರೆ ಎಣಿಸಬೇಕೆನಿಸುತ್ತದೆ.
ಬಂದರಿನ ಕ್ರೇನು ಕಿರುಗುಟ್ಟಿದರೆ
ಲೆಕ್ಕ ತಪ್ಪುತ್ತದೆ. ಅದಕ್ಕೇ."

ಏಣಿ ತಂದು, ಆ ಕೋಣೆಯ ಕವಾಟವನ್ನು ಕೈಯಾರೆ ಮುಚ್ಚಿದೆ.
ಗರಿಗಳನ್ನು ಒಂದೊಂದಾಗಿ ಒರೆಸಿದೆ.
ಉಷ್ಣ ಇಪ್ಪತ್ತೆಂಟಕ್ಕೆ ಏರಿತು;
ಅವರು ಅಂಗಿ ಕಳಚಿ ಮಗ್ಗುಲಾದರು, ಕಿಟಕಿಯ ಕಡೆಗೆ.
ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡವಳು
ಬಾಗಿಲ ತನಕ ಹೋಗಿ, ಮರಳಿ ಬಂದು,
ಅವರ ಕನ್ನಡಕದ ಪಕ್ಕ ಇಟ್ಟೆ.

ಬೆಳಗಿನ ಜಾವ ವರದಿ: ವ್ಯವಸ್ಥೆ ಯೋಗ್ಯ, ಷರತ್ತುಗಳೊಡನೆ.
ಹೊರಗಿನ ಗಾಳಿಯ ತೇವ ಮೊದಲು ಹಿಂಡಬೇಕು.
ಕಿಟಕಿಯ ಸಂವೇದಕ ಮೋಸ ಹೋಗದ್ದಾಗಿರಬೇಕು.
ಹದಿನಾರನೆಯ ಕಲಮು, ಇತರೆ,
ಸಾಮಾನ್ಯವಾಗಿ ಅಲ್ಲಿ ಗೆರೆ ಎಳೆಯುತ್ತೇನೆ.
ಮಿಲಾನಿನ ಕಚೇರಿ ಹೊಡೆದುಹಾಕೀತು, ಹಾಕಲಿ;
ಶಾಯಿಯಲ್ಲೇ ಬರೆದೆ:
ಗೋಡೆ ತಟ್ಟಿದರೆ ಕೇಳುತ್ತದೆ.